ಚೊಚ್ಚಲ ಸರ್ವೀಸು

…ಬೇಡ ಅಂದ್ರೆ ಬೇಡ ಕಣ್ರೀ! ಎಷ್ಟು ಸಲ ಹೇಳಲಿ? ಗಾಡಿ ತಂದು ಇನ್ನೂ ಒಂದು ತಿಂಗಳು ತುಂಬಿಲ್ಲ, ಅದಕ್ಕೆ ಆಗಲೇ ಸರ್ವೀಸಂತೆ ಸರ್ವೀಸು! ಏನಾಗಿದೆ ಅದಕ್ಕೆ? ಕೆಮ್ಮು ಬಂದಿದ್ಯಾ? ಜ್ವರ ಬಂದಿದ್ಯಾ? ಕಿವಿಗೊಟ್ಟು ಕೇಳಿದ್ರೂ ಇಂಜಿನ್ ಸದ್ದು ಕೇಳಲ್ಲ. ನಿಮ್ಮ ಗೊರಕೆ ಅದಕ್ಕಿಂತ ಜೋರು.

ನಗಬೇಡಿ. ನಿಮ್ಮನ್ನ ನಗಿಸೋಕೆ ಹೇಳ್ತಿಲ್ಲ ನಾನು.

ಓ… ಇಸ್ತ್ರಿ ಶರ್ಟು! ಹಣೆಗೆ ವಿಭೂತಿ ಬೇರೆ! ಹೋದ ಯುಗಾದಿಗೆ ಹಾಕ್ಕೊಳ್ಳಿ ಅಂದಾಗ ಇದೇ ಶರ್ಟು ಕುತ್ತಿಗೆ ಹಿಡೀತದೆ ಅಂದಿದ್ರಲ್ಲ, ಇವತ್ತು ಹಿಡೀತಿಲ್ವಾ? ನೋಡ್ರಪ್ಪಾ ನೋಡಿ, ಊರವರೆಲ್ಲ ಸಿದ್ದರಾಜಣ್ಣ ಸಿದ್ದರಾಜಣ್ಣ ಅಂತಾರಲ್ಲ, ಆ ಸಿದ್ದರಾಜಣ್ಣ ಮೈಸೂರಿಗೆ ಹೊರಟವ್ರೆ. ಯಾತಕ್ಕೆ? ಕಾರು ತೊಳೆಸೋಕೆ! ಹಾರಂಗಿ ನಾಲೆ ಮನೆ ಮುಂದೇನೇ ಹರೀತದೆ, ಇವ್ರಿಗೆ ಮೈಸೂರಿನ ನೀರೇ ಬೇಕು.

ಗೊತ್ತು, ಗೊತ್ತು. ಮೆಸೇಜ್ ಬಂದಿದೆ. 'ಪ್ರಿಯ ಗ್ರಾಹಕರೇ' ಅಂತ ಕರೆದವ್ರೆ. ನಾನು ಮದುವೆಯಾಗಿ ಇಷ್ಟು ವರ್ಷ ಆಯ್ತು, ಚಲುವಮ್ಮ ಅಂತ ಬಾಯ್ತುಂಬ ನೀವು ಕರೆದಿಲ್ಲ, ನಿಮ್ಮನ್ನ ಮಾತ್ರ ಯಾವನೋ ಶೋರೂಮಿನವನು 'ಪ್ರಿಯ' ಅಂದುಬಿಟ್ಟ ಅಂತ ಎದ್ದು ಹೊರಟೇಬಿಟ್ರಲ್ಲ! ಫ್ರೀ ಅಂತೆ. ಹೂಂ, ಪುಕ್ಕಟೆ ಸಿಕ್ಕಿದ್ರೆ ನನಗೂ ಒಂದಿರಲಿ, ನಮ್ಮಪ್ಪನಿಗೂ ಒಂದಿರಲಿ. ಅಲ್ಲಿ ಹೋದ್ಮೇಲೆ ಏನು ಮಾಡ್ತಾರೆ ಗೊತ್ತಾ? ನಿಮ್ಮನ್ನ ಗಾಜಿನ ರೂಮಲ್ಲಿ ಕೂರಿಸ್ತಾರೆ. ಕಾಗದದ ಲೋಟದಲ್ಲಿ ಕಾಫಿ ಕೊಡ್ತಾರೆ, ಕೊಡಗಿನವರಿಗೆ ಅದನ್ನ ಕಾಫಿ ಅನ್ನೋಕೆ ನಾಚಿಕೆ ಆಗಬೇಕು. ಬಾನೆಟ್ ಎತ್ತುತ್ತಾರೆ, ಮುಚ್ಚುತ್ತಾರೆ. ಆಮೇಲೆ ಟೈ ಕಟ್ಟಿರೋ ಹುಡುಗಿ ಬಂದು 'ಸರ್, ಕೋಟಿಂಗ್ ಮಾಡಿಸಿದ್ರೆ ಬಣ್ಣ ಹೊಳೀತದೆ ಸರ್' ಅಂತಾಳೆ. ನೀವು ಎರಡು ಸಲ 'ಸರ್' ಅನ್ನಿಸಿಕೊಂಡ್ರೆ ಗದ್ದೇನೂ ಬರೆದುಕೊಡೋ ಗಿರಾಕಿ.

ವಾರಂಟಿ ಹೋಗ್ತದಾ? ಹೋದ್ರೆ ಹೋಗ್ಲಿ! ನಿಮ್ಮ ಅಜ್ಜ ಅರಕಲಗೂಡಿಂದ ಗಾಡಿ ಕಟ್ಕೊಂಡು ಇಲ್ಲಿಗೆ ಬಂದಾಗ ಎತ್ತಿಗೆ ಯಾರು ವಾರಂಟಿ ಕೊಟ್ಟಿದ್ರು? ಹುದಿಕೇರಿ ಪೂವಯ್ಯನವರನ್ನ ನೋಡಿ. ನಮ್ಮ ಹತ್ರ ಹುಲ್ಲು ಕೊಳ್ಳೋಕೆ ಬರ್ತಾರಲ್ಲ, ಆ ಜೀಪು ಯಾವ ಕಾಲದ್ದು? ಬಾಗಿಲಿಗೆ ಹಗ್ಗ ಕಟ್ಟಿದಾರೆ. ಹಾರ್ನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಸದ್ದು ಮಾಡ್ತದೆ. ಅದು ಶೋರೂಮಿನ ಮುಖ ನೋಡಿದ್ಯಾ? ಆನೆ ಅಟ್ಟಿಸ್ಕೊಂಡು ಬಂದ್ರೂ ಕೆಟ್ಟು ನಿಲ್ಲಲ್ಲ ಅದು.

ಅದೆಲ್ಲಾ ಇರಲಿ, ಇವತ್ತು ಬಿಟ್ರೆ ಗಾಡಿ ಇವತ್ತೇ ಕೊಡ್ತಾರೆ ಅಂತ ಏನು ಗ್ಯಾರಂಟಿ? 'ಪಾರ್ಟ್ಸ್ ಬರಬೇಕು, ನಾಳೆ ಬನ್ನಿ ಸರ್' ಅಂದ್ರೆ? ನನಗೆ ನಾಳೆ ಗಾಡಿ ಬೇಕು. ಬೇಕೇ ಬೇಕು. ಈಗಲೇ ಹೇಳಿದೀನಿ.

ಯಾಕೆ ಅಂದ್ರೆ? ಭಜನೆ! ಕೂಡಿಗೇಲಿ ಭಜನೆ ಇರ್ತದಲ್ಲ, ವಾರವಾರ ಹೋಗಲ್ವಾ ನಾನು? ಗುರುಸಿದ್ದಮ್ಮ ಕಾಯ್ತಿರ್ತಾಳೆ. ಬಸ್ಸಿಗೆ ಹೋಗೋಕೆ ನನಗೆ ಮಂಡಿನೋವು. ಡ್ರೈವಿಂಗ್ ಕಲಿ ಕಲಿ ಅಂತ ಕ್ಲಾಸಿಗೆ ಸೇರಿಸಿದ್ದು ಯಾರು? ನೀವೇ. ಈಗ ದೇವರ ಕೆಲಸಕ್ಕೆ ಗಾಡಿ ತಗೊಂಡು ಹೋದ್ರೆ… ಏನು? ಹೊಸ ಹಾಡು ಯಾವುದು ಕಲಿಸಿದ್ರು ಅಂತಾನಾ? ಕಲಿಸಿದಾರೆ. ಬೇಕಾದಷ್ಟು ಕಲಿಸಿದಾರೆ. ಈಗ ಗಂಟಲು ಸರಿ ಇಲ್ಲ.

ಅಲ್ಲಿ ಏನು ನೋಡ್ತಿದೀರಿ? ವೈಪರಲ್ಲಿ ಏನಿದೆ? ಎಲೆ. ಎಲೆ ಬೀಳ್ದೆ ಇನ್ನೇನು ಚಿನ್ನ ಬೀಳ್ತದಾ? ಸಿಲ್ವರ್ ಮರದ್ದಾ? ಇರಬಹುದು. ಕಾಫಿ ತೋಟದಲ್ಲಿ ತಾನೇ ಇರೋದು ಅಂದ್ರೆ… ಗಾಳೀಲಿ ಹಾರ್ಕೊಂಡು ಬಂದಿರ್ತದೆ! ಎಲೆಗೇನು ಬಸ್ ಚಾರ್ಜಾ? ಅದನ್ನ ಯಾಕೆ ಜೇಬಿಗೆ ಹಾಕ್ಕೊಂಡ್ರಿ?

ಒಳಗೆ ಕೂರಬೇಡಿ. ಬೇಡ, ಮೀಟರ್ ನೋಡೋದೇನೂ ಬೇಡ! ಸಾವಿರ ಕಿಲೋಮೀಟರ್ ಆದ್ರೆ ತಾನೇ ಸರ್ವೀಸು, ಸಾವಿರ ಎಲ್ಲಿಂದ ಬಂತು? ನೀವು ಸಂತೆಗೆ, ನಾನು ಭಜನೆಗೆ. ಅಷ್ಟೇ ತಾನೇ ಓಡಿರೋದು? ಇಷ್ಟಕ್ಕೂ ಗಾಡಿ ಚೆನ್ನಾಗಿಲ್ಲ ಅಂದೋರು ಯಾರು? ಮೈಲೇಜ್ ನೋಡ್ರಿ ಮೈಲೇಜು! ಪೆಟ್ರೋಲ್ ಮುಳ್ಳು ಕೆಳಗೇ ಇಳಿಯಲ್ಲ. ಎಷ್ಟು ಓಡಿಸಿದ್ರೂ… ಅಂದ್ರೆ, ಭಜನೆಗೆ ಎಷ್ಟು ಸಲ ಹೋಗಿ ಬಂದ್ರೂ, ಬೆಳಿಗ್ಗೆ ನೋಡಿದ್ರೆ ಮುಳ್ಳು ಮೇಲೇ ಇರ್ತದೆ. ಗಾಡಿ ಗಾಳಿ ಕುಡಿದು ಓಡ್ತದೇನೋ ಅನ್ನಿಸ್ತದೆ. ಅಂಥ ಚಿನ್ನದಂಥ ಗಾಡೀನ ಬಿಚ್ಚಿ, ಒಳಗೆ ಕೈ ಹಾಕಿ, ಕೆಡಿಸಿ ಕಳಿಸ್ತಾರೆ ಅವ್ರು. ನೋಡ್ತಿರಿ.

ಮತ್ತೆ ನಗು! ಏನಿದೆ ಅದರಲ್ಲಿ ನಗೋ ಅಂಥದ್ದು?

ಒರೆಸಿ, ಒರೆಸಿ. ಗಾಜು ಒರೆಸಿ. ಅದು ನನ್ನ ಹತ್ತಿ ಸೀರೆ, ಹರಿದು ಒರೆಸೋ ಬಟ್ಟೆ ಮಾಡ್ಕೊಂಡಿದೀರಿ, ಅದಕ್ಕೂ ನಾನು ಏನೂ ಅಂದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಕೊಂಡವರಿಗೆ ಕಾರು ಅದಕ್ಕಿಂತ ಮುದ್ದು. ಸೀಟಿನ ಪ್ಲಾಸ್ಟಿಕ್ ಕವರು ತೆಗೆಯೋಕೆ ಬಿಡಲ್ಲ. ಮಗ ಶಶಿ ಗೊಬ್ಬರದ ಅಂಗಡಿಯಿಂದ ಬಂದು ಹಾಗೇ ಹಿಂದೆ ಕೂತ ಅಂತ ಎರಡು ದಿನ ಹುಡುಗನ ಹತ್ರ ಮಾತು ಬಿಟ್ರಿ. ನಿಮಗೆ ಮಾತು ಬಿಡೋದು ಹೊಸದೇನಲ್ಲ ಬಿಡಿ.

ಆ ಹಿಂದಿನ ಗಾಜು ನೋಡಿದ್ರೆ ನನಗೆ ಮೈ ಉರೀತದೆ. ಹಳೇ ಗಾಡಿ ಮೇಲೆ ಏನು ಬರೆಸಿದ್ರಿ? 'ರಂಜು – ಶಶಿ'. ಊರಿಗೆಲ್ಲಾ ತೋರಿಸ್ಕೊಂಡು ಬಂದಿದ್ರಿ. ಈ ಗಾಡೀಲಿ ಬಲಗಡೆ ಮೂಲೇಲಿ ಒಂದು 'ಶಶಿ', ಎಡಗಡೆ ಬಟ್ಟ ಬಯಲು. ಸ್ಟಿಕ್ಕರ್ ಅಂಗಡಿಯವನಿಗೆ ಅಳತೆ ಬರಲ್ಲ ಅಂತ ನೋಡಿದವರೆಲ್ಲ ಅಂತಾರೆ. ಅಳತೆ ತಪ್ಪಿದ್ದು ಅಂಗಡಿಯವನದಾ? ರಂಜಿತಾ ಟೀಚರಾಗಿ ಸಿದ್ದಾಪುರಕ್ಕೆ ಹೋದಳು, ಅಲ್ಲಿ ಕಾಫಿ ತೋಟದಲ್ಲಿ ಲೆಕ್ಕ ಬರೆಯೋ ರೈಟರ್ ಉದಯನ್ನ ನಿಮ್ಮನ್ನ ಕೇಳದೆ ಮದುವೆ ಆದಳು. ಆಯ್ತು, ತಪ್ಪೇ. ಅದಕ್ಕೆ 'ಈ ಮನೇಲಿ ಆ ಹೆಸರು ಎತ್ತಬೇಡಿ' ಅಂತ ನೀವು ಅಂದ ಮೇಲೆ ಯಾರು ಎತ್ತಿದಾರೆ? ನಾನು ಎತ್ತಿದೀನಾ? ಇಲ್ಲ. ಈಗಲೂ ಎತ್ತುತ್ತಿಲ್ಲ. ಗಾಜಿನ ವಿಷಯ ಹೇಳ್ತಿದೀನಿ.

ಬಿಡಿ. ಎಲ್ಲಿದ್ವಿ? ಸರ್ವೀಸು.

ಏನಂದ್ರಿ?

ಇನ್ನೊಂದು ಸಲ ಹೇಳಿ. ಏನು, ಏನು? 'ಮೊದಲನೇದಕ್ಕೆ ತವರಿಗೇ ಕರ್ಕೊಂಡು ಬರಬೇಕು, ಅದು ಪದ್ಧತಿ'… ಅಂದ್ರಾ? ಅಯ್ಯೋ ನನ್ನಪ್ಪಾ! ಕಾರಿಗೆ ತವರುಮನೆ! ಗುರುಸಿದ್ದಮ್ಮನಿಗೆ ಹೇಳಿದ್ರೆ ಬಿದ್ದು ಬಿದ್ದು ನಗ್ತಾಳೆ. ಅಷ್ಟಕ್ಕೂ 'ಕರ್ಕೊಂಡು ಬರೋಕೆ' ಅದೇನು ಕೂಸಾ? ಕಾರನ್ನ ತಗೊಂಡು ಹೋಗ್ತಾರೆ ಕಣ್ರೀ, ಕರ್ಕೊಂಡು ಬರಲ್ಲ. ಮಾತೇ ಮರೆತುಹೋಯ್ತಾ ನಿಮಗೆ?

ಸರಿ. ತವರು ಅಂದಮೇಲೆ ಎಲ್ಲಾ ಶಾಸ್ತ್ರಾನೂ ಮಾಡಿ ಮತ್ತೆ, ಅರ್ಧಂಬರ್ಧ ಯಾಕೆ? ಸ್ಟೇರಿಂಗಿಗೆ ಹಸಿರು ಬಳೆ ತೊಡಿಸಿ. ಡಿಕ್ಕಿಗೆ ಮಡಿಲಕ್ಕಿ ತುಂಬಿ. ಐದು ಜನ ಮುತ್ತೈದೆಯರನ್ನ ಕರೆದು ಬಾನೆಟ್ಟಿಗೆ ಆರತಿ ಎತ್ತಿಸಿ. ಇಂಜಿನ್ ಆಯಿಲ್ ಬದಲು ಬಾಣಂತಿ ಲೇಹ್ಯ ಹುಯ್ಯಿರಿ, ನಾನೇ ಮಾಡಿಕೊಡ್ತೀನಿ! ಆಹಾ, ಏನು ಕಾಳಜಿ, ಏನು ಕರುಳು! ತಗಡಿನ ಡಬ್ಬಕ್ಕೆ ತವರು ಬೇಕು. ಅದಕ್ಕೆ ಚೊಚ್ಚಲು, ಅದಕ್ಕೆ ನೋವಾಗಬಾರದು, ಹುಟ್ಟಿದ ಮನೆಯವರೇ ನೋಡ್ಕೋಬೇಕು! ನಮ್ಮ ಹೊಟ್ಟೇಲಿ ಹುಟ್ಟಿದವಳು ಎಂಟು ತಿಂಗಳ ಹೊಟ್ಟೆ ಹೊತ್ಕೊಂಡು ವಿರಾಜಪೇಟೆ ಆಸ್ಪತ್ರೆಗೆ ಬಸ್ಸಲ್ಲಿ ನಿಂತ್ಕೊಂಡು ಹೋಗಲಿ! ಬಸ್ಸು ಅವಳನ್ನ ರಸ್ತೆ ಗುಂಡೀಲಿ ಎತ್ತಾಕಲಿ! ಅವಳಿಗೆ ತವರು ಬೇಡ, ಅವಳಿಗೆ ಪದ್ಧತಿ ಇಲ್ಲ, ಅವಳೇನು ಕಾರಾ…

…ಅಯ್ಯೋ.

ಇಲ್ಲ. ನಾನೇನೂ ಅನ್ನಲಿಲ್ಲ. ಅದು… ಪಕ್ಕದ ಬೀದಿ ರಂಗಮ್ಮನ ಮಗಳ ವಿಷಯ. ಹೂಂ, ರಂಗಮ್ಮನ ಮಗಳು. ನಮ್ಮ ಹೊಟ್ಟೆ ಅಂದ್ರೆ ಏನು, ಎಲ್ಲಾ ಹೆಂಗಸರ ಹೊಟ್ಟೇನೂ ನಮ್ಮ ಹೊಟ್ಟೇನೇ ಅಲ್ವಾ. ಮಾತಿಗೆ ಬಂತು, ಅಂದೆ.

ರೀ.

ಒರೆಸ್ತಿದ್ದ ಕೈ ಯಾಕೆ ನಿಲ್ತು? ಬೈಯಿರಿ. ಕೂಗಾಡಿ. 'ಅವಳ ಸುದ್ದಿ ನಿನಗೆ ಹೇಗೆ ಗೊತ್ತಾಯ್ತು' ಅಂತ ಕೇಳಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡೆ ಅಂತ ಅಣಕಿಸಿ. ಹೌದು, ಹೋಗ್ತೀನಿ! ಗುಡ್ಡೆಹೊಸೂರು, ನಂಜರಾಯಪಟ್ಟಣ, ನೆಲ್ಯಹುದಿಕೇರಿ, ಸಿದ್ದಾಪುರ. ಕೂಡಿಗೇಲಿ ಭಜನೆ ಮಾಡ್ತಿರೋಳು ಗುರುಸಿದ್ದಮ್ಮ ಒಬ್ಬಳೇ. ನಾನು ಮಗಳಿಗೆ ತಲೆಗೆ ಎಣ್ಣೆ ಹಚ್ಚಿ, ಕಾಲು ಒತ್ತಿ, ಬಸ್ಸಾರು ಮುದ್ದೆ ತಿನ್ನಿಸಿ ಬರ್ತೀನಿ. ನಾಳೆ ಸ್ಕ್ಯಾನಿಂಗ್ ಇದೆ, ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದೀನಿ. ಬಸ್ಸಲ್ಲಿ ಹೋದ್ರೆ ಅವಳಿಗೆ ಸೊಂಟ ನೋಯ್ತದೆ ಕಣ್ರೀ. ಅದಕ್ಕೇ ಗಾಡಿ ಕೊಡಲ್ಲ ಅಂತಿದೀನಿ. ಸಾಕಾ? ಗೊತ್ತಾಯ್ತಾ?

ಈಗಲಾದ್ರೂ ಏನಾದ್ರೂ ಅನ್ನಿ.

…ತಾಳಿ. ಎಂಟು ತಿಂಗಳು ಅಂದೆ ನಾನು. ಯಾರಿಗೆ ಅಂತ ನೀವು ಕೇಳಲೇ ಇಲ್ಲ. ಬಸುರಿ ಅಂತ ಗೊತ್ತೇ ಇಲ್ಲದವರು ಇಷ್ಟು ಹೊತ್ತಿಗೆ ಹೌಹಾರಬೇಕಿತ್ತು. 'ಹಾಂ?' ಅಂತಾದ್ರೂ ಅನ್ನಬೇಕಿತ್ತು. ನೀವು ನೆಲ ನೋಡ್ಕೊಂಡು ನಿಂತಿದೀರಿ.

ನಿಮಗೆ ಗೊತ್ತಿತ್ತು.

ಯಾವಾಗಿಂದ? ಮೀಟರ್ ನೋಡಿದ್ರಾ? ಮೊದಲನೇ ವಾರದಿಂದಲೇನಾ? ಹಾಗಾದ್ರೆ ಆ ಪೆಟ್ರೋಲು… ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಗಾಡಿ ಗಾಳಿ ಕುಡಿದು ಓಡ್ತದೆ ಅಂತ ನಿಮ್ಮ ಮುಂದೇನೇ ನಿಂತು ಹೊಗಳ್ತಿದ್ದೀನಲ್ಲ! ಕುಶಾಲನಗರದ ಬಂಕಲ್ಲಿ ಹಾಕಿಸಿದ್ರೆ ಯಾರಾದ್ರೂ ನಿಮಗೆ ಹೇಳ್ತಾರೆ ಅಂತ ನಾನು ಹಾಕಿಸ್ತಿರಲಿಲ್ಲ. ನೀವು ತುಂಬಿಸಿ ತುಂಬಿಸಿ ನಿಲ್ಲಿಸ್ತಿದ್ರಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯ್ತು ನನ್ನ ಕತೆ. ಹಾಲು ಇಟ್ಟವರೇ ಎದುರಿಗೆ ಕೂತು ನೋಡ್ತಿದ್ರು.

ಮತ್ತೆ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ? ಹಾಂ? ಅಷ್ಟು ಪೆಟ್ರೋಲ್ ಹಾಕಿಸೋ ಬದಲು ಒಂದು ಮಾತು ಆಡಿದ್ರೆ ಸಾಕಿತ್ತಲ್ಲ! ಅವಳು ಪ್ರತಿ ಸಲ ಕಾರಿನ ಸದ್ದು ಕೇಳಿದ ತಕ್ಷಣ ತೋಟದ ಕೂಲಿಯವರ ಲೈನ್ ಮನೆಗಳ ಹತ್ರ ತನಕ ಇಳಿದು ಬರ್ತಾಳೆ. ನಾನು ಬಾಗಿಲು ತೆಗೆಯೋಕೆ ಮುಂಚೆ ಪಕ್ಕದ ಸೀಟು ನೋಡ್ತಾಳೆ. ಯಾಕೆ ನೋಡ್ತಾಳೆ ಅಂತ ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ಅಪ್ಪ ಮಗಳು ಇಬ್ಬರೂ ಒಂದೇ ಕಲ್ಲಲ್ಲಿ ಕಡೆದವರು. ನಡುವೆ ಒದ್ದಾಡಿ ಸಾಯೋಳು ನಾನು.

ಎಲ್ಲಿಗೆ ಹೊರಟ್ರಿ? ಮಾತು ಮುಗಿದಿಲ್ಲ ನಂದು. ಆ ಕಡೆ ಬಾಗಿಲು ಯಾಕೆ ತೆಗೀತಿದೀರಿ? ಅದು ಎಡಗಡೆ ಕಣ್ರೀ, ಸ್ಟೇರಿಂಗ್ ಈ ಕಡೆ ಇದೆ. ಮೈಸೂರಿಗೆ ಹೋಗೋರು ಅಲ್ಲಿ ಕೂತು ಹೇಗೆ ಓಡಿಸ್ತೀರಿ?

…ರೀ, ಹಿಂದಿನ ಸೀಟಿನ ಪ್ಲಾಸ್ಟಿಕ್ ಕವರು ಎಲ್ಲಿ? ಯಾರು ತೆಗೆದ್ರು? ಅದು ನಮ್ಮ ಮಂಚದ ದಿಂಬು ಅಲ್ವಾ? ಎರಡೂ ದಿಂಬು?

'ಕರ್ಕೊಂಡು ಬರಬೇಕು' ಅಂದ್ರಿ ನೀವು. ನಾನು ನಿಮ್ಮ ಮಾತು ತಿದ್ದೋಕೆ ಬಂದೆ. ನೀವು ಕಾರಿನ ಮಾತು ಆಡ್ತಾನೇ ಇರಲಿಲ್ಲ ಅಲ್ವಾ?

ಅಳ್ತಿದೀನಿ. ಹೌದು, ಅಳ್ತಿದೀನಿ, ನೋಡಬೇಡಿ, ಆ ಕಡೆ ತಿರುಗಿ. ನಿಮ್ಮ ಕಣ್ಣೇನು ಒಣಗಿದ್ಯಾ? ಆ ಸೀರೆ ತುಂಡು ಕೊಡಿ ಇಲ್ಲಿ. ಕಾರು ಒರೆಸಿದ್ದು ಸಾಕು.

ಕೀ ಎಲ್ಲಿ? ಕೊಡಿ. ಬೆಲ್ಟ್ ಹಾಕ್ಕೊಳ್ಳಿ. ಅವಳ ಮನೆ ಹತ್ರ ರಸ್ತೆ ಸರಿ ಇಲ್ಲ, ಗಾಡಿ ಕೆಳಗೆ ತಾಗ್ತದೆ, ಅಯ್ಯೋ ನನ್ನ ಕಾರು ಅಂತ ಕೂಗ್ಕೊಂಡ್ರೆ ಅಲ್ಲೇ ಇಳಿಸಿಬಿಡ್ತೀನಿ. ಮೊದಲು ಅವಳನ್ನ ಮಾತಾಡಿಸಬೇಕಾದವರು ನೀವು, ನಾನಲ್ಲ. ಏನು ಅಂತ ಶುರು ಮಾಡೋದು ಅಂತ ನನ್ನ ಮುಖ ನೋಡಬೇಡಿ. ರಂಜು ಅನ್ನಿ. ಹೆಸರು ನೆನಪಿದೆ ತಾನೇ?

ಸರ್ವೀಸಾ? ಬಾಣಂತನ ಮುಗೀಲಿ, ಆಮೇಲೆ ನೋಡ್ಕೊಳ್ಳೋಣ.