ಬ್ಲೂಸ್ ರೆಕಾರ್ಡಿನ ಮೂರನೇ ಸಾಲು

ಅಲ್ಲಲ್ಲ, ಓಂಕಾರ, ಪೂಜಾ, ಗೌಂಡಿ ಕೆಲಸ ಬಿಟ್ಟದ್ದು ಮದಲಲ್ಲ. ಮದಲ ನಿಮ್ಮ ಮುತ್ಯಾಗ, ನಮ್ಮ ಮನಿಯವ್ರಿಗೆ, ಲಕ್ವಾ ಹೊಡೀತು, ಆಮ್ಯಾಲ ನಾ ಕೆಲಸ ಬಿಟ್ಟಿನಿ. ಇಂಡಿ ಕಡೆಯಿಂದ ಬಂದು ಇಲ್ಲೇ ನಾಶಿಕದಾಗ ಬಿಲ್ಡಿಂಗ ಕೆಲಸಕ್ಕ ನಿಂತಿದ್ವಿ, ಅವ್ರು ಇಟ್ಟಂಗಿ ಕಟ್ಟೂದು, ನಾ ಗಾರೆ ಹೊರೂದು. ಒಂದಿನ ಮುಂಜಾನೆ ಅವ್ರ ಕೈಯಾಗಿನ ಗಾರೆ ಹಚ್ಚೂ ಕರಣಿ ಜಾರಿ ಬಿತ್ತು, ಎತ್ತಿಕೊಳ್ಳಾಕ ಬಗ್ಗಿದವ್ರು ಹಂಗ ಕುಂತಬಿಟ್ರು. ಬಲಗೈ ಹೋತು, ಬಲಗಾಲ ಹೋತು, ಅದರ ಜೋಡಿ ಮಾತೂ ಹೋತು. ಕಾಲು ಬರಬರತಾ ಬಂತು ನೋಡ್ರಿ, ಕೋಲು ಹಿಡಕೊಂಡು ಅಡ್ಡಾಡೂವಷ್ಟು. ಮಾತು ಮಾತ್ರ ಬರಲಿಲ್ಲ. ಎಲ್ಲಾ ತಿಳೀತಿತ್ತು ಅವ್ರಿಗೆ, ಕಣ್ಣಾಗ ಕಾಣ್ತಿತ್ತಲ್ಲ, ಆದ್ರ ನೀರು ಅನ್ನಾಕ ಹೋದ್ರ ‘ತಾ, ತಾ, ತಾ’ ಅಷ್ಟ. ನಾ ಚಾ ಕೊಡತಿದ್ದೆ, ರೊಟ್ಟಿ ಕೊಡತಿದ್ದೆ, ಹೊದಿಕಿ ಕೊಡತಿದ್ದೆ, ಒಂದೂ ಅವ್ರು ಕೇಳಿದ್ದಲ್ಲ. ಸಿಟ್ಟಿಗೆದ್ದು ತಾಟು ಒಗೀತಿದ್ರು, ಒಗದು ತಾವ ಅಳತಿದ್ರು. ಅಷ್ಟು ದೊಡ್ಡ ಗಂಡಸು ಅಳೂದು ನೋಡೂದಂದ್ರ... ಇರ್ಲಿ ಬಿಡ್ರಿ.

ಅವ್ರನ್ನ ಒಬ್ಬರನ್ನ ಬಿಟ್ಟು ನಾ ದೂರದ ಸೈಟಿಗೆ ಹ್ಯಾಂಗ ಹೋಗ್ಲಿ? ಬಾಜೂ ಮನೀ ಸುರೇಖಾ, ಆವಾಗ ನಾವು ಇಲ್ಲೇ ನಾಶಿಕದ ಸಾತಪುರದಾಗ ಇದ್ವಿ, ಅಕಿ ಅಂದ್ಲು, “ಗಂಗಾಬಾಯಿ, ಇಲ್ಲೇ ಹಿಂದಿನ ಗಲ್ಲ್ಯಾಗ ಒಂದು ಕಂಪನಿ ಐತಿ, ಚೀಲ ತುಂಬೂ ಕೆಲಸ, ಬಾ.” ಕಂಪನಿ ಅಂದ್ರ ಏನು, ಒಂದು ತಗಡಿನ ಪತ್ರಾಸ ಶೆಡ್ಡು! ಕಾಯಿಪಲ್ಲೆ ಚೀಲ ಇರಬೇಕು ಅಂತ ಹೋದ್ರ, ಕರೇ ಕರೇ ತಾಟಿನಂಥಾವು, ಹಿಂದಕಿನ ಕಾಲದ ಹಾಡಿನ ರೆಕಾರ್ಡು, ಮರಾಠ್ಯಾಗ ತಬಕಡಿ ಅಂತಾರಲ್ಲ, ಅವು. ಈಗಿನ ಮಂದಿ ಮತ್ತ ಅವನ್ನ ತಗೋಳ್ಳಾಕ ಹತ್ಯಾರಂತ. ಇಲ್ಲಿ ಹೊಸಾವು ಮಾಡಸತಿದ್ರು, ಅವನ್ನ ಒರಸಿ ಕಾಗದದ ಚೀಲದಾಗ ಹಾಕೂದು, ಬಟ್ಟು ತಾಗಬಾರದು. ಸಿಮೆಂಟ ಹೊತ್ತ ಕೈ ನಂದು, ಅಂಜಿಕಿ ಬರ್ತಿತ್ತು. ಮಾಲಕ ಶಿರೀಷ ಸಾಹೇಬ್ರು, ಫ್ಯಾಕ್ಟರಿ ನೌಕರಿ ಬಿಟ್ಟು ಈ ಹುಚ್ಚಿಗೆ ಬಿದ್ದವ್ರು. ದಿನಾ ಒಂದ ನಮೂನಿ ಹಾಡು ಹಚ್ಚತಿದ್ರು. ಅಮೆರಿಕಾದಾಗ ಕರೇ ಮಂದಿ ಹುಟ್ಟಿಸಿದ ಹಾಡಂತ, ಕರೆಂಟಿನ ಗಿಟಾರ್ ಹಚ್ಚಿ ಹಾಡೂದು, ಬ್ಲೂಸ್ ಅಂತಾರ.

ಏನಂದಿ, ಓಂಕಾರ? ‘ಬ್ಲೂ ಮ್ಹಣಜೇ ನಿಳಾ ನಾ, ಆಯಿ?’ ಹೂಂ, ಬ್ಲೂ ಅಂದ್ರ ನೀಲಿ ಅಲ್ಲೇನು ಅಂತ ನಾನೂ ಹಂಗ ಕೇಳಿದ್ದೆ. ಸಾಹೇಬ್ರು ನಕ್ಕು, “ನೀಲಿ ಅಂದ್ರ ಮನಸ್ಸಿಗೆ ಬ್ಯಾಸರ ಆಗೂದು, ಗಂಗಾಬಾಯಿ” ಅಂದ್ರು. ಬ್ಯಾಸರಕ್ಕೂ ಒಂದು ಬಣ್ಣ ಐತೇನು ಅಂತ ನಾ ಇಡೀ ದಿನ ಅದನ್ನ ವಿಚಾರ ಮಾಡಿನಿ. ಅವ್ರ ಕಂಪನಿಗೆ ಹಾಡಾಕಿ ಒಬ್ಬಾಕಿ, ರೂಥಬಾಯಿ ಅಂತ, ಔರಂಗಾಬಾದದಾಕಿ. ಅಲ್ಲ, ಈಗ ಸಂಭಾಜಿನಗರ ಅನಬೇಕು. ಸಾಲ್ಯಾಗ ಟೀಚರ್, ಚರ್ಚಿನ್ಯಾಗ ಹಾಡಿ ಹಾಡಿ ದನಿ ಹದಾ ಆಗಿತ್ತು. ಅಕಿ ರೆಕಾರ್ಡು ಹಚ್ಚಿದ್ರ ಶೆಡ್ಡಿನ ಪತ್ರಾಸ ನಡಗಬೇಕು, ಹಂಗ! ಇಂಗ್ಲೀಷ ನನಗೇನು ತಿಳೀತೈತಿ, ಆದ್ರ ಒಂದು ಮಾತು ಕಿವಿಗೆ ಬಿತ್ತು. ಅಕಿ ಒಂದು ಸಾಲು ಹಾಡ್ತಾಳ, ಮತ್ತ ಅದ ಸಾಲು ಹಾಡ್ತಾಳ, ಆಮ್ಯಾಲ ಮೂರನೇದು ಬ್ಯಾರೇ. ಪ್ರತಿ ಸಲಾ ಹಂಗ. “ಯಾಕ್ರೀ ಸಾಹೇಬ್ರ, ಅಂದದ್ದನ್ನ ಮತ್ತ ಯಾಕ ಅಂತಾಳ?” ಅಂದೆ. “ಮದಲನೇ ಸಲ ಯಾರೂ ಕೇಳಂಗಿಲ್ಲ, ಎರಡನೇ ಸಲಕ್ಕ ಕಿವಿ ಕೊಡ್ತಾರ, ಮೂರನೇ ಸಾಲಿನ್ಯಾಗ ಉತ್ರ ಬರತೈತಿ” ಅಂದ್ರು. ಅರೇ, ಛಲೋ ಐತಲ್ಲ ಅನಿಸ್ತು ನನಗ.

ಹಂಗ ಆ ಹಾಡು ಬಾಯಿಗೆ ಹತ್ತಿತು. ಮಾತು ಅಲ್ಲ ಮತ್ತ, ಬರೇ ರಾಗ. ರೊಟ್ಟಿ ಬಡೀಬೇಕಾದ್ರ ಗುನುಗುನು, ಬಾಂಡೆ ತಿಕ್ಕಬೇಕಾದ್ರ ಗುನುಗುನು, ದಿನಾ. ಒಂದಿನ ಮಧ್ಯಾಹ್ನ ಎರಡು ಸಾಲು ಗುನುಗಿ, ಹಂಚಿನ ಮ್ಯಾಲಿನ ರೊಟ್ಟಿ ಹೊರಳಿಸಾಕ ಸುಮ್ಮ ಆದೆ ನೋಡ್ರಿ, ಹಿಂದ ಮಲಗೂ ಹೊರಸಿನ ಮ್ಯಾಲಿಂದ ಮೂರನೇ ಸಾಲು ಬಂತು! ಮಾತಿಲ್ಲ, ಆದ್ರ ರಾಗದಾಗ ಪೂರಾ ಸಾಲು! ಹೊಳ್ಳಿ ನೋಡ್ತೀನಿ, ನಿಮ್ಮ ಮುತ್ಯಾ. ಅವ್ರಿಗೂ ಗಾಬ್ರಿ, ನನಗೂ ಗಾಬ್ರಿ. ರೊಟ್ಟಿ ಸುಟ್ಟು ಹೊಗಿ ಎದ್ದಿತು, ಯಾರಿಗೆ ಖಬರು? “ಮಾತಾಡ್ರೀ, ಮಾತಾಡ್ರೀ” ಅಂದೆ. ಮತ್ತ ‘ತಾ, ತಾ, ತಾ’. ಹಾಡಿದ್ರ ಬರತೈತಿ, ಆಡಿದ್ರ ಬರಂಗಿಲ್ಲ, ಇದೇನು ಮಾಯಾ? ಮರದಿನಾನ ದವಾಖಾನಿಗೆ ಓಡಿದೆ. ಡಾಕ್ಟರಬಾಯಿ ಅಂದ್ಲು, “ತಲ್ಯಾಗ ಮಾತಿಗೆ ಒಂದು ದಾರಿ ಇರತೈತಿ, ಹಾಡಿಗೆ ಮತ್ತೊಂದು. ಒಂದು ಬಂದ್ ಆದ್ರ ಕೆಲವ್ರಿಗೆ ಇನ್ನೊಂದು ತೆರದಿರತೈತಿ. ಭಾಳ ಆಸೆ ಇಟ್ಕೋಬ್ಯಾಡ್ರಿ, ಆದ್ರ ದಿನಾ ಹಾಡಸ್ರಿ.”

ಹಾಡಸ್ರಿ ಅಂದ್ರ ಇನ್ನೇನು ಬೇಕು ನನಗ! ಅದ ರಾಗದಾಗ ನಾನ ಮಾತು ಕಟ್ಟಿನಿ. “ನೀರು ಬೇಕೇನ್ರೀ, ನಿಮಗ ನೀರು ಬೇಕೇನು...” ಅಂತ ಒಂದು ಸಲ, ಮತ್ತ ಅದನ್ನ ಇನ್ನೊಂದು ಸಲ, ಆಮ್ಯಾಲ ಗಪ್ಪ ಕುಂತು ಅವ್ರ ಬಾಯಿ ನೋಡೂದು. ಮದಲಿನ ವಾರ ಏನಿಲ್ಲ. ಬರೇ ಹೂಂ ಹೂಂ ರಾಗ. ಸುರೇಖಾ ಬಾಗಿಲದಾಗ ನಿಂತು, “ಇಕಿಗೂ ತಲಿ ಕೆಟ್ಟೈತಿ” ಅಂತ ನಗತಿದ್ಲು. ನಾ ಬಿಡಲಿಲ್ಲ. ಒಂದಿನ ಹಿಂಗ “ನೀರು ಬೇಕೇನ್ರೀ” ಅಂತ ಎರಡು ಸಲ ಅಂದೆ, ಅವ್ರು ತೊಡಿ ಮ್ಯಾಲ ಎಡಗೈ ಬಡಕೋತ, “ಚಾ... ಚಾ... ಬೇ-ಕು” ಅಂತ ಹಾಡಿದ್ರು. ನಾ ನೀರು ಕೇಳಿದ್ರ ಅವ್ರು ಚಾ ಅಂದ್ರು! ನನ್ನ ಮಾತು ಹೊಳ್ಳಿ ಅಂದದ್ದಲ್ಲ, ತಮ್ಮ ಮಾತು. ಪೂಜಾ, ಆವತ್ತು ಆ ಚಾದಾಗ ಸಕ್ಕರಿ ಹಾಕಿದ್ನೋ ಉಪ್ಪು ಹಾಕಿದ್ನೋ ನನಗ ಗೊತ್ತಿಲ್ಲ, ಅವ್ರು ಪೂರಾ ಕುಡದ್ರು.

ಇದನ್ನ ಶಿರೀಷ ಸಾಹೇಬ್ರು ರೂಥಬಾಯಿಗೆ ಹೇಳಿದ್ರು. “ಅವ್ರನ್ನ ಕರಕೊಂಡು ಬರ್ರಿ, ನಾ ನೋಡಬೇಕು” ಅಂದ್ಲಂತ ಅಕಿ. ಹೊಸ ರೆಕಾರ್ಡಿಗೆ ಹಾಡೂದಿತ್ತು, ಸಾಹೇಬ್ರು ತಮ್ಮ ಗಾಡ್ಯಾಗ ನಮ್ಮನ್ನ ಸಂಭಾಜಿನಗರಕ್ಕ ಕರಕೊಂಡು ಹೋದ್ರು. ಹಾಡು ರೆಕಾರ್ಡ ಮಾಡೂ ಸಣ್ಣ ಖೋಲಿ, ಹೊರಗಿನ ಸಪ್ಪಳ ಬರಬಾರದಂತ ಗ್ವಾಡಿಗೆಲ್ಲಾ ಗಾದಿ ಬಡದಿದ್ರು. “ಆವಾಜ ಮಾಡಬ್ಯಾಡ್ರಿ, ಕೆಮ್ಮಬ್ಯಾಡ್ರಿ” ಅಂತ ಮೂಲ್ಯಾಗ ಕುಂಡ್ರಿಸಿದ್ರು. ಗಿಟಾರ್ ಸುರು ಆತು, ಎದ್ಯಾಗ ಝುಮ್ ಅಂತಿತ್ತು. ರೂಥಬಾಯಿ ಕಣ್ಣು ಮುಚ್ಚಿ ಒಂದು ಸಾಲು ಹಾಡಿದ್ಲು, ಮತ್ತ ಹಾಡಿದ್ಲು, ಉಸರು ತಗೋಳ್ಳಾಕ ನಿಂತ್ಲು. ಆ ಖಾಲಿ ಜಾಗಾದಾಗ ನಿಮ್ಮ ಮುತ್ಯಾ ಅಂದ್ರು, ರಾಗಾ ತಗದು, “ಗಂಗವ್ವಾ...”

ಲಗ್ನಾದಾಗಿಂದ ಅವ್ರು ನನ್ನ ಹೆಸರು ಹಿಡದು ಕರದಿದ್ದಿಲ್ಲ. ‘ಏ’ ಅನ್ನೂದು, ‘ಕೇಳಿದೇನು’ ಅನ್ನೂದು, ನಮ್ಮ ಕಡೆ ಗಂಡಸರು ಹಂಗ. ನನ್ನ ಹೆಸರು ಅವ್ರ ಬಾಯಾಗ ಹ್ಯಾಂಗ ಕೇಳಸತೈತಿ ಅಂತ ನನಗ ಗೊತ್ತ ಇರಲಿಲ್ಲ. ಗಿಟಾರಿನಾಂವ ನಿಲ್ಲಿಸಿದ. ಸಾಹೇಬ್ರು, “ಇರ್ಲಿ, ಮತ್ತೊಮ್ಮೆ ಮಾಡೂಣು” ಅಂದ್ರು. ರೂಥಬಾಯಿ ಕಣ್ಣು ಒರಸಿಕೊಂಡು, “ಬ್ಯಾಡ್ರಿ, ಅದು ಹಂಗ ಇರ್ಲಿ, ಅಲ್ಲಿಂದ ಮುಂದ ಹಾಡ್ತೀನಿ” ಅಂದ್ಲು. ಹಂಗ ಹಾಡಿದ್ಲು. ಅಲ್ಲಿಂದ ಅವ್ರಿಗೆ ಒಂದೊಂದ ಮಾತು ಬಂತು, ಪೂರಾ ಬರಲಿಲ್ಲ, ಈಗಲೂ ಅರ್ಧಾ ಹಾಡಿ ಅರ್ಧಾ ಅಂತಾರಲ್ಲ. ಅಷ್ಟು ಸಾಕಾತು ನಮಗ.

ನೀವರ ಬಾಯಿ ಛಲೋ ಇದ್ದಾಗ ಮನೀ ಮಂದೀನ ಹೆಸರು ಹಿಡದು ಕರೀರಿ, ಬರೇ ‘ಏ’ ಅನಬ್ಯಾಡ್ರಿ.