ಗಂಜಿ ಹಾಕಿದ ಒಳಲಂಗ

ಲೈಟು ಇರಲಿ, ಆರಿಸಬೇಡಿ. ಕತ್ತಲಲ್ಲಿ ಕೂತು ಇದನ್ನು ಹೇಳುವಷ್ಟು ಧೈರ್ಯ ನನಗಿಲ್ಲ ಮಾರಾಯ್ರೆ. ಎಲ್ಲೋ ಕೇಳಿದ್ದಲ್ಲ ಇದು. ನನ್ನ ದೊಡ್ಡಮ್ಮನ ಮಗಳು ದೀಕ್ಷಿತಾಳಿಗೆ ಆದದ್ದು. ಹೌದು, ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ಇದ್ದಾಳಲ್ಲ, ಅವಳಿಗೇ. ಗಂಡ ನಿತ್ಯಾನಂದ ಅಲ್ಲಿ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರು.

ಕೊರೋನಾದ ಎರಡನೇ ವರ್ಷ. ದೀಪಾವಳಿ ಹೊತ್ತಿಗೆ ಲಾಕ್‌ಡೌನ್ ಸಡಿಲ ಆಗಿತ್ತು. ಅದೇ ಬಡಾವಣೆಯ ಇನ್ನೊಂದು ತುದಿಯಲ್ಲಿ ಗೆಳತಿಯ ಮನೆಯಲ್ಲಿ ಊಟ. ಮುಗಿಸಿಕೊಂಡು ಇವಳು ಒಬ್ಬಳೇ ನಡೆದು ಬರ್ತಿದ್ದಳು. ಗಂಡನಿಗೆ ನೈಟ್ ಡ್ಯೂಟಿ. ಮಗಳು ಶ್ರೀಯಾ "ಐ ಆಮ್ ನಾಟ್ ಕಮಿಂಗ್ ಲಾ" ಅಂತ ಮನೆಯಲ್ಲೇ ಉಳಿದಿದ್ದಳು. ಇವಳ ಕೈಯಲ್ಲಿ ಮಗಳಿಗೆ ಅಂತ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡ ಪಲಾವ್. ಮೈಮೇಲೆ ಒಂದು ಹಳೇ ನೀಲಿ ಫ್ರಾಕು.

ರಸ್ತೆ ಬದಿಯ ಮಾಮಕ್ ಚಾ ಅಂಗಡಿಯವನು ಕುರ್ಚಿಗಳನ್ನೆಲ್ಲ ಒಳಗೆ ಹಾಕಿ ಷಟರ್ ಎಳೆದಿದ್ದ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ತಿರುವಿನಲ್ಲಿ ದೊಡ್ಡ ಚರಂಡಿ, ಅದರ ಪಕ್ಕ ಒಂದು ಆಲದ ಮರ. ಬುಡದಲ್ಲಿ ತಮಿಳರು ಇಟ್ಟ ಮುನೀಶ್ವರನ ಕಲ್ಲು, ಮುಂದೆ ಆರಿಹೋದ ಹಣತೆ. ಅದನ್ನು ದಾಟಿದಳು, ಅಷ್ಟೇ...

ಗರ್... ಗರ್... ಗರ್...

ನಿಂತಳು. ಆ ಸದ್ದು ಮಾತ್ರ ಒಂದು ಹೆಜ್ಜೆ ಮುಂದೆ ಬಂದು ನಿಂತಿತು.

ನೀವು ನಾನು ಆಗಿದ್ದರೆ ತರಗೆಲೆ ಅಂತ ಸುಮ್ಮನಾಗ್ತಿದ್ದೆವು. ಅವಳಿಗೆ ಹಾಗಾಗಲಿಲ್ಲ. ಹಳೇ ಬಟ್ಟೆಗಳ ನಡುವೆಯೇ ಬದುಕಿದವಳು, ಅದು ಏನು ಅಂತ ಕಿವಿಗೆ ಕೂಡಲೇ ಗೊತ್ತಾಯಿತು. ಗಂಜಿ ಹಾಕಿ ಒಣಗಿಸಿದ ಒಳಲಂಗ. ಬಲೆಬಟ್ಟೆಯದ್ದು, ಫ್ರಾಕು ಕೊಡೆಯ ಹಾಗೆ ಅರಳಿ ನಿಲ್ಲಲಿ ಅಂತ ಒಳಗೆ ಹಾಕುವಂಥದ್ದು. ನಡೆಯುವಾಗ ಕಾಲಿಗೆ ಉಜ್ಜಿ ಹಾಗೆ ಸದ್ದು ಮಾಡ್ತದೆ. ಆದರೆ ಅವಳು ಅವತ್ತು ಅದನ್ನು ಹಾಕಿರಲೇ ಇಲ್ಲ.

ಸ್ವಲ್ಪ ಹಿಂದಿನದ್ದು ಹೇಳ್ತೇನೆ, ಇರಿ. ಇಲ್ಲದಿದ್ದರೆ ಅವಳ ಎದೆ ಯಾಕೆ ಧಸಕ್ ಅಂತು ಅಂತ ನಿಮಗೆ ತಿಳಿಯೋದಿಲ್ಲ.

ಇವಳಿಗೆ ಅಜ್ಜಿಯರ ಕಾಲದ ಬಟ್ಟೆ ಕೂಡಿಸುವ ಹುಚ್ಚು. ಅಲ್ಲಿ ಬಂಡಲ್ ಅಂಗಡಿ ಅಂತ ಇವೆ, ಹಳೇ ಬಟ್ಟೆ ರಾಶಿ ಹಾಕಿ ಮಾರುವುದು. ಅದರೊಳಗೆ ಮೂಗು ಮುಚ್ಚಿಕೊಂಡು ಇಳಿದರೆ ಮಧ್ಯಾಹ್ನದ ಊಟದ ನೆನಪಿಲ್ಲ. ಬುಗ್ಗೆ ತೋಳಿನ ರವಿಕೆ, ಅಲ್ಲಿಯ ಹೆಂಗಸರ ಕಸೂತಿಯ ಕೆಬಾಯಾ ಕುಪ್ಪಸ, ಸ್ವಾತಂತ್ರ್ಯ ಬಂದ ಕಾಲದ ಫ್ರಾಕು, ಏನು ಬೇಕು ಹೇಳಿ. ಒಗೆದು, ಅಳತೆಗೆ ಹೊಲಿದು, ಹಾಕಿಕೊಂಡು, ಫೋಟೋ ಹಾಕೋದು. ನಾವೆಲ್ಲ ಲೈಕ್ ಒತ್ತೋದು. "ನಾಫ್ತಲಿನ್ ರಾಣಿ" ಅಂತ ನಾನೇ ತಮಾಷೆ ಮಾಡ್ತಿದ್ದೆ.

ಆ ಆಲದ ಮರದ ಹಿಂದಿನ ಸಾಲಿನಲ್ಲಿ ಸರೋಜಿನಿ ಆಂಟಿಯ ಮನೆ. ನಮ್ಮ ಕಡೆಯವರೇ. ಅವರ ಅಪ್ಪ ಉಡುಪಿಯಿಂದ ಹಡಗು ಹತ್ತಿ ಹೋಗಿ ಕ್ಲಾಂಗಿನಲ್ಲಿ ರೈಲ್ವೆ ಸೇರಿದವರು. ಆಂಟಿ ಅಲ್ಲೇ ಹುಟ್ಟಿ, ಟೀಚರಾಗಿ, ಮದುವೆಯಾಗದೆ ಉಳಿದವರು. ಕೊರೋನಾ ಬರುವ ಸ್ವಲ್ಪ ಮುಂಚೆ ಒಂದು ಸಲ ಟ್ರಂಕು ತೆಗೆದು ಇವಳಿಗೆ ಆ ಫ್ರಾಕು ತೋರಿಸಿದರು. ತಿಳಿ ನೀಲಿ, ಮೇಲೆ ಬಿಳಿ ಚುಕ್ಕಿ, ಪಕ್ಕದಲ್ಲಿ ಸಾಲಾಗಿ ಟಿಚ್ ಬಟನ್ನು. ಹುಡುಗಿಯಾಗಿದ್ದಾಗ ಶಾಲೆಯ ಡ್ಯಾನ್ಸಿಗೆ ಅಂತ ಚೀನೀ ಟೈಲರ್ ಹತ್ತಿರ ಹೊಲಿಸಿದ್ದಂತೆ.

"ಅಪ್ಪಯ್ಯ ನೋಡಿ, ಇದನ್ನು ಹಾಕ್ಕೊಂಡು ಹೊಸ್ತಿಲು ದಾಟಿದರೆ ಕಾಲು ಮುರೀತೇನೆ ಅಂದರು ಮಗಾ. ಮಡಚಿ ಇಟ್ಟದ್ದು ಇಟ್ಟ ಹಾಗೇ ಉಂಟು. ಸತ್ತ ಮೇಲೆ ನನ್ನನ್ನು ತಡೆಯಲಿಕ್ಕೆ ಯಾರಿದ್ದಾರೆ? ಆಗ ಇದನ್ನೇ ಹಾಕಿ ಕಳಿಸಿ ಅಂತ ರಮೇಶನಿಗೂ ಹೇಳಿದ್ದೇನೆ." ರಮೇಶ ಅಂದರೆ ಅವರ ಅಣ್ಣನ ಮಗ.

ಇವಳು ಗೋಗರೆದಳು. ಒಂದೇ ಒಂದು ದಿನ ಆಂಟಿ, ಫೋಟೋ ತೆಗೆದು ನಾಳೆ ತಂದು ಕೊಡ್ತೇನೆ... ಆಂಟಿ ಫ್ರಾಕು ಕೊಟ್ಟರು. ಒಳಲಂಗ ಮಾತ್ರ ಅವರ ಹತ್ತಿರವೇ ಉಳಿಯಿತು.

ಅಷ್ಟರಲ್ಲಿ ಲಾಕ್‌ಡೌನ್. ಇವಳಿಗೆ ಮನೆಯಲ್ಲಿ ಮಾಡಲಿಕ್ಕೆ ಕೆಲಸ ಇಲ್ಲ. ಫ್ರಾಕು ಸೊಂಟದಲ್ಲಿ ದೊಗಲೆ. ಎರಡೂ ಪಕ್ಕ ಹೊಲಿಗೆ ಬಿಚ್ಚಿ, ಉದ್ದಕ್ಕೆ ಒಂದೊಂದು ಪಟ್ಟಿ ಕತ್ತರಿಸಿ ತೆಗೆದು, ತನ್ನ ಅಳತೆಗೆ ಹೊಲಿದಳು. ತೆಗೆದ ಪಟ್ಟಿಗಳನ್ನು ಜೋಡಿಸಿ ಏನು ಮಾಡಿದಳು ಹೇಳಿ? ಮಾಸ್ಕು! ಫ್ರಾಕಿಗೆ ಮ್ಯಾಚಿಂಗ್ ಮಾಸ್ಕು. ಆ ಫೋಟೋಕ್ಕೆ ಬಂದ ಲೈಕು ಅಷ್ಟಿಷ್ಟಲ್ಲ. ನಾನೂ ಒತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಕತ್ತರಿಸಿದ ಬಟ್ಟೆಯನ್ನು ಯಾವ ಮುಖ ಇಟ್ಟುಕೊಂಡು ವಾಪಸ್ ಕೊಡೋದು? ಆಂಟಿ ಫೋನ್ ಮಾಡಿದಾಗಲೆಲ್ಲ "ಡ್ರೈ ಕ್ಲೀನಿಂಗಿಗೆ ಕೊಟ್ಟಿದ್ದೇನೆ ಆಂಟಿ, ಅಂಗಡಿ ಮುಚ್ಚಿದೆ, ತೆರೆದ ಕೂಡಲೇ..." ಅಂದಳು. ಅಂಗಡಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಇವಳ ಬಾಯಲ್ಲಿ ಅದೇ ಮಾತು. ನಾಳೆ ಆಂಟಿ. ಕೂಗಿದರೆ ಕೇಳುವಷ್ಟು ಹತ್ತಿರದ ಮನೆ, ಆದರೂ ಆ ಕಡೆ ತಲೆ ಹಾಕಲಿಲ್ಲ. ವಯಸ್ಸಾದವರಿಗೆ ಸೋಂಕು ತಾಗಬಾರದಲ್ಲ ಅಂತ ತನಗೆ ತಾನೇ ಹೇಳಿಕೊಂಡಳು.

ಒಂದು ಸಲ ಆಂಟಿ ಫೋನಿನಲ್ಲಿ ಹೇಳಿದರಂತೆ, "ಒಳಲಂಗಕ್ಕೆ ಕುಚ್ಚಲಕ್ಕಿ ಗಂಜಿ ಹಾಕಿ ಒಣಗಿಸಿ ಇಟ್ಟಿದ್ದೇನೆ ಮಗಾ. ಫ್ರಾಕು ಬರುವುದೊಂದೇ ಬಾಕಿ." ಸ್ವರ ತುಂಬಾ ಸಣ್ಣದಾಗಿತ್ತಂತೆ. ಹುಷಾರಿದ್ದೀರಾ ಅಂತ ಕೇಳಲಿಕ್ಕೂ ಇವಳಿಗೆ ಹೆದರಿಕೆ.

ಎರಡನೇ ವರ್ಷದ ಲಾಕ್‌ಡೌನಿನಲ್ಲಿ ಆಂಟಿ ತೀರಿಹೋದರು. ಕೊರೋನಾ ಅಲ್ಲ, ಹೊಟ್ಟೆಯೊಳಗೆ ಏನೋ ಗಡ್ಡೆಯಂತೆ. ರಮೇಶ ಬೆಳಿಗ್ಗೆಯೇ ಫೋನ್ ಮಾಡಿದ. "ಅಕ್ಕಾ, ಅತ್ತೆಯ ಫ್ರಾಕು ನಿಮ್ಮ ಹತ್ತಿರ ಉಂಟಂತಲ್ಲ. ನಾನೇ ಬಂದು ತಗೊಂಡು ಹೋಗ್ತೇನೆ." ಆಗಲೂ... ಆಗಲೂ ಅವಳ ಬಾಯಿಂದ ಬಂದದ್ದು ಡ್ರೈ ಕ್ಲೀನಿಂಗ್ ಅಂಗಡಿಯೇ. ಫ್ರಾಕು ಅವಳ ಕಪಾಟಿನಲ್ಲಿತ್ತು, ಕಣ್ಣೆದುರಿಗೆ.

"ಸರಿ ಬಿಡಿ ಅಕ್ಕಾ. ಒಳಲಂಗ ಹಾಕಿ ಮೇಲೆ ಒಂದು ಸೀರೆ ಹೊದಿಸಿ ಕಳಿಸ್ತೇವೆ" ಅಂದ ರಮೇಶ.

ಹಾಗೇ ಕಳಿಸಿದರು.

ಅಳ್ತಾ ಮೂಲೆಗೆ ಹಾಕಿದ್ದ ಫ್ರಾಕನ್ನು ದೀಪಾವಳಿಗೆ ಮತ್ತೆ ಯಾಕೆ ತೆಗೆದಳು ಅಂತ ನಾನೂ ಬೈದು ಕೇಳಿದ್ದೇನೆ. "ಸತ್ತವರಿಗೆ ಬಟ್ಟೆ ಯಾಕೆ ಅಂತ ಒಂದು ಕ್ಷಣ ಅನ್ನಿಸಿತು ಕಣೇ" ಅಂದಳು. ಆ ಒಂದು ಕ್ಷಣಕ್ಕೆ ಅವಳು ಪಟ್ಟ ಪಾಡು ನೋಡಿ ನನ್ನ ಸಿಟ್ಟು ಇಳಿದುಹೋಯಿತು.

ಈಗ ಆಲದ ಮರದ ಕೆಳಗೆ ನಿಂತಿದ್ದಾಳೆ. ಹಿಂದಿನಿಂದ ವಾಸನೆ... ಕುಚ್ಚಲಕ್ಕಿ ಗಂಜಿಯದ್ದು. ಮತ್ತೆ ಸದ್ದು. ಗರ್... ಗರ್... ಬೆನ್ನ ಹಿಂದೆಯೇ. ತಿರುಗಲಿಲ್ಲ. ತಿರುಗಲಿಕ್ಕೆ ಕತ್ತು ಬಂದರೆ ತಾನೇ?

"ಮಗಾ..." ಪಿಸುಮಾತು. "ಕೊಡ್ತೀಯಾ?"

ಇವಳ ಬಾಯಿಂದ ತಾನಾಗಿಯೇ ಬಂತು.

"ನಾಳೆ ಆಂಟಿ."

ಹೇಳಿದ ಮೇಲೆ ಗೊತ್ತಾಯಿತು ತಾನು ಏನು ಹೇಳಿದೆ ಅಂತ. ಪಲಾವ್ ಅಲ್ಲೇ ಬಿತ್ತು. ಓಡಿದಳು.

ಮನೆಗೆ ಬಂದು ಫ್ರಾಕು ಬಿಚ್ಚಿ, ಬಟನ್ನುಗಳನ್ನು ಹಾಗೇ ಬಿಟ್ಟು, ಕಪಾಟಿನ ಬಾಗಿಲಿಗೆ ತೂಗಿಹಾಕಿ, ತಲೆತುಂಬ ಹೊದ್ದು ಮಲಗಿದಳು. ನಿದ್ದೆ ಎಲ್ಲಿಯದು? ಸ್ವಲ್ಪ ಹೊತ್ತಿಗೆ...

ಟಿಚ್.

ಬಹಳ ಹೊತ್ತು ಏನೂ ಇಲ್ಲ.

ಟಿಚ್... ಟಿಚ್...

ಪಕ್ಕದ ಕೋಣೆಯಿಂದ ಶ್ರೀಯಾ ಕೂಗಿದಳು. "ಅಮ್ಮಾ! ಸ್ಟಾಪ್ ದಟ್ ಲಾ! ಐ ಕಾಂಟ್ ಸ್ಲೀಪ್!"

ಮಗಳಿಗೂ ಕೇಳ್ತಿದೆ! ಇವಳು ಬಾಯಿಗೆ ಸೆರಗು... ಸೆರಗೆಲ್ಲಿ, ಬೆಡ್‌ಶೀಟು ತುರುಕಿಕೊಂಡು ಅತ್ತಳು. ಪಾಪ ಆಂಟಿ, ಹಾಕಿಕೊಳ್ಳಲಿಕ್ಕೆ ನೋಡ್ತಿದ್ದಾರೆ, ನಾನು ಕತ್ತರಿಸಿದ್ದಕ್ಕೆ ಆಗ್ತಾ ಇಲ್ಲ... ಅದೊಂದೇ ಅವಳ ತಲೆಯಲ್ಲಿ. ಬೆಳಿಗ್ಗೆ ನೋಡಿದರೆ ಫ್ರಾಕಿನ ಬಟನ್ನುಗಳೆಲ್ಲ ಮುಚ್ಚಿದ್ದವು.

ಅವತ್ತು ಅಡುಗೆ ಇಲ್ಲ, ಸ್ನಾನ ಇಲ್ಲ. ಮಾಸ್ಕಿನ ಹೊಲಿಗೆ ಬಿಚ್ಚಿ, ಪಟ್ಟಿ ಎರಡನ್ನೂ ಇಸ್ತ್ರಿ ಮಾಡಿ, ಫ್ರಾಕಿನ ಎರಡೂ ಪಕ್ಕ ಮತ್ತೆ ಕೂಡಿಸಿದಳು. ಕೈಹೊಲಿಗೆ. ಬೆರಳಿಗೆ ಸೂಜಿ ಚುಚ್ಚಿದ್ದು ಲೆಕ್ಕಕ್ಕೇ ಇಲ್ಲ. ಮುಸ್ಸಂಜೆ ಹೊತ್ತಿಗೆ ಆಂಟಿಯ ಮನೆಗೆ ಹೋದಳು. ಮನೆಗೆ ಬೀಗ. ಗೇಟಿಗೆ ಫ್ರಾಕು ತೂಗಿಹಾಕಿ, ಕೈ ಮುಗಿದು, "ತಂದಿದ್ದೇನೆ ಆಂಟಿ, ತಪ್ಪಾಯಿತು" ಅಂತ ಹೇಳಿ ಬಂದಳು. ಆ ರಾತ್ರಿ ಯಾವ ಸದ್ದೂ ಇರಲಿಲ್ಲ.

ಮರುದಿನ ಗೇಟಿನಲ್ಲಿ ಫ್ರಾಕು ಇಲ್ಲ. ಯಾರೋ ಹೊತ್ತುಕೊಂಡು ಹೋಗಿರಬೇಕು ಅಂತೀರಿ. ಅನ್ನಿ. ಆದರೆ ಇವಳ ಮನೆಯ ಹೊಸ್ತಿಲ ಮೇಲೆ ಎರಡು ನೀಲಿ ಪಟ್ಟಿ ಇದ್ದವು. ಅವೇ. ಒಂದು ನೂಲೂ ಹರಿಯದ ಹಾಗೆ ಹೊಲಿಗೆ ಬಿಚ್ಚಿ, ನೀಟಾಗಿ ಮಡಚಿ ಇಟ್ಟದ್ದು.

ಕೂಡಲೇ ರಮೇಶನಿಗೆ ಫೋನ್ ಮಾಡಿದಳು. ಎಲ್ಲ ಹೇಳಿದಳು. ಕತ್ತರಿ, ಮಾಸ್ಕು, ಸುಳ್ಳು, ಎಲ್ಲ. "ಆಂಟಿಗೆ ಆಗೋದಿಲ್ಲ ಅಂತ ಹೆದರಿ ಕೊಡಲಿಲ್ಲ ರಮೇಶ. ಸೊಂಟ ಅಷ್ಟು ಸಣ್ಣ ಮಾಡಿಬಿಟ್ಟಿದ್ದೆ. ಈಗ ನೋಡಿದರೆ ಪಟ್ಟಿ ಬೇಡ ಅಂತ ವಾಪಸ್ ಇಟ್ಟಿದ್ದಾರೆ..."

ಎಲ್ಲ ಕೇಳಿ ರಮೇಶ ಹೇಳಿದ.

"ಅಕ್ಕಾ, ನೀವು ಕೊನೆಗೆ ಅತ್ತೆಯನ್ನು ನೋಡಲಿಲ್ಲ ಅಲ್ವಾ? ಕಡ್ಡಿಯಾಗಿದ್ದರು. ಒಳಲಂಗದ ಲಾಡಿ ಎರಡು ಸುತ್ತು ಸುತ್ತಿ ಕಟ್ಟಿದ್ದೆವು. ನೀವು ಹೇಗೆ ಕತ್ತರಿಸಿದ್ದರೂ ಅದು ಆಗ್ತಿತ್ತು ಅಕ್ಕಾ. ತಂದುಕೊಟ್ಟಿದ್ದರೆ ಸಾಕಿತ್ತು."

ದೀಕ್ಷಿತಾ ಈಗ ಹಳೇ ಬಟ್ಟೆ ಮುಟ್ಟೋದಿಲ್ಲ. ಕೂಡಿಸಿದ್ದನ್ನೆಲ್ಲ ಕೊಟ್ಟುಬಿಟ್ಟಳು. ಆ ಎರಡು ಪಟ್ಟಿ ಮಾತ್ರ ಇವೆ. ಕಳೆದ ವರ್ಷ ಅವಳ ಮನೆಗೆ ಹೋದಾಗ ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ, ನನ್ನಾಣೆ ಸುಳ್ಳಲ್ಲ. ಗರಿಗರಿ ಇದ್ದವು, ಕುಚ್ಚಲಕ್ಕಿ ಗಂಜಿಯ ವಾಸನೆ. "ನೀನು ಗಂಜಿ ಹಾಕಿದ್ದಾ?" ಅಂತ ಕೇಳಿದೆ. ಇಲ್ಲ ಅಂದಳು. ಎಷ್ಟು ಸಲ ಒಗೆದರೂ ಒಣಗಿದ ಮೇಲೆ ಹಾಗೇ ಆಗ್ತದಂತೆ.