ಅಂಬಾರಾಯನ ಎರಡು ದಿನದ ರಜಾ

…ಕಿವುಡ? ಯಾರು, ನಾನಾ? ಏ ಸುನಿತಾ, ಮುಂಜಾನಿ ಎದ್ದು ಇದೇನ್ ಹಚ್ಚಿದಿ ನೀ? ಸೋಮವಾರ ಅದ, ಡ್ಯೂಟಿ ಅದ. ಗಂಡನ ಬೂಟ್ ಎತ್ಕೊಂಡು ಹೊಸ್ತಿಲ ಮ್ಯಾಲ ಕುಂತ್ರ ರೈಲು ನಿಂದ್ರತಾವೇನು? ಕೊಡಿಲ್ಲಿ… ಕೊಡಂಗಿಲ್ಲ? ಖರೇ ಹೇಳೋ ತನ ಕೊಡಂಗಿಲ್ಲ? ಖರೇನೇ ಹೇಳ್ಲಿಕತ್ತೀನಿ. ನನ್ನ ಕಿವಿ ಛಲೋ ಅದಾವ. ಇಪ್ಪತ್ತೆರಡು ವರ್ಷ ಈ ವಾಡಿ ಹಳಿ ಮ್ಯಾಲ ನಟ್ ಬಿಗಿಯೋ ಪಾನಾ ಹಿಡ್ಕೊಂಡು ನಡದಾಂವ ನಾ. ಕಿವಿ ಇಲ್ಲದಾಂವ ಇಷ್ಟ ದಿನ ಬದಕಿರ್ತಿದ್ನಾ? ನೀನೇ ಹೇಳು.

ಏನು? ಸಣ್ಣಗ ಮಾತಾಡು? ನಾ ಎಲ್ಲಿ ಚೀರ್ಲಿಕತ್ತೀನಿ? ಸಣ್ಣಗೇ ಮಾತಾಡ್ಲಿಕತ್ತೀನಿ. ಮತ್ತ… ಎದುರು ಮನಿ ಇಮಾಮ್‌ಬೀ ಚಾಚಿ ಯಾಕ ಖಿಡಕಿ ತೆಗದು ನೋಡ್ಲಿಕತ್ತಾಳ? ಚಾಚಿ, ಏನಿಲ್ರಿ, ಗಂಡ ಹೆಂಡ್ತಿ ಮಾತಾಡ್ಲಿಕತ್ತೀವಿ! ನೀವು ಚಾ ಕುಡೀರಿ!… ನೋಡು, ಕಡೀ ಓಣಿ ಎಬ್ಬಿಸಿದಿ ನೀ.

ನಗಬ್ಯಾಡ. ನಗೋದೇನದ ಇದ್ರಾಗ?

ಇಲ್ಲಿ ಕೇಳು. ಹಿಂಗ ಬೆಳಕಿಗಿ ತಿರುಗಿ ಕುಂದ್ರು, ಮಾತಂದ್ರ ಮುಖಾಮುಖಿ ಆಗ್ಬೇಕು. ನಿನ್ನ ಗಂಡ ಎಂಥಾಂವ ಅದಾನ? ಹುಡುಗರು ತೆಂಗಳಿಗಿ ಅಜ್ಜಿ ಮನಿಗಿ ಹೋಗ್ಯಾವ, ಮನ್ಯಾಗ ನಾವಿಬ್ಬರೇ, ಐತವಾರ ಹೆಂಗೂ ಸೂಟಿ ಅದ ಅಂತ ಶನಿವಾರನೂ ರಜಾ ಹಾಕ್ದೆ. ಲಗ್ನ ಆಗಿ ಹತ್ತೊಂಬತ್ತು ವರ್ಷ, ಯಾವತ್ತರ ಹಾಕಿದ್ನಾ? ಇಲ್ಲ. ಮಾಳಿಗಿಗಿ ಸುಣ್ಣ ಹಚ್ಚಬೇಕು, ಕೂಲರ್ ಹುಲ್ಲು ಬದಲಿ ಮಾಡಬೇಕು ಅಂತ ನೀ ಹೋಳಿಯಿಂದ ಅನ್ಲಿಕತ್ತಿದ್ದಿ. ಒಂದ ದಿನದಾಗ ಎರಡೂ ಮುಗಿಸ್ದೆ. ಐತವಾರ ಗಾಡಿ ಮ್ಯಾಲ ಕುಂಡ್ರಿಸ್ಕೊಂಡು ಚಂದ್ರಂಪಳ್ಳಿ ಡ್ಯಾಮ್ ತೋರಿಸ್ದೆ. ಸೇಡಂದಾಗ ಮಿರ್ಚಿ, ಸೂಸಲಾ ತಿನಿಸ್ದೆ. ಇಂಥಾ ಗಂಡನಿಗಿ ಕಿವುಡ ಅಂತಿಯಲ್ಲ…

ಏಣಿ? ಹ್ಞಾಂ, ಬಂತು ನೋಡು ಏಣಿ. ಗೊತ್ತಿತ್ತು ನಂಗ, ಅಲ್ಲಿಗೇ ಬರ್ತಿ ನೀ.

ಅಲ್ಲ, ಕೂಲರ್ ಇರೋದು ಎತ್ತರದ ಖಿಡಕ್ಯಾಗ. ಏಣಿ ಬೇಕಾತು, ತಗೊಂಡೆ. ನೀ ಇನ್ನಾ ಮಾಳಿಗಿ ಮ್ಯಾಲೇ ಇದ್ದಿ ಅಂತ… ಇಲ್ಲ, ಮರ್ತಿರಲಿಲ್ಲ. ಗೊತ್ತಿತ್ತು! ನೀ ಕೂಗಿದ್ದು ಕೇಳಿಸ್ತು, ಯಾಕ ಕೇಳಿಸಲ್ಲ? ಕೇಳಿಸ್ಕೊಂಡೇ ಸುಮ್ನಿದ್ದೆ. ಮಷ್ಕಿರಿ ಮಾಡ್ದೆ. ಗಂಡ ಹೆಂಡ್ತಿ ಅಂದ್ಮ್ಯಾಲ ಒಂದ್ ಮಷ್ಕಿರಿ ಇರಬಾರದಾ?

ಒಂದ್ ತಾಸು? ಒಂದ್ ತಾಸು ಎಲ್ಲಿ ಆತು, ಮುಕ್ಕಾಲು ತಾಸು ಆಗಿರಬೇಕು. ಬಾಜು ಮನಿ ನಬೀಸಾಬ್ ಕಾಕಾ ಮಧ್ಯಾನದ ನಮಾಜ್ ಮುಗಿಸ್ಕೊಂಡು ಬಂದು ತನ್ನ ಮನಿ ಏಣಿ ಹಚ್ಚಿ ಇಳಿಸಿದ, ಖರೇ. ನಾ ಕೆಳಗೇ ಹುಲ್ಲು ಕಟ್ಟಲಿಕತ್ತಿದ್ದೆ, ಅದೂ ಖರೇ. ನಿನ್ನ ಪಾದ ಬೊಬ್ಬಿ ಎದ್ದಾವ… ಅದೂ ಖರೇ ಅದ, ಸುನಿತಾ. ತಪ್ಪಾತು. ನಿನ್ನ ಗಂಡ ಕೆಟ್ಟಾಂವ ಅದಾನ, ಹಲ್ಕಟ್ ಅದಾನ, ಹೆಂಡ್ತಿ ಬಿಸಲಾಗ ಒದರಿದ್ರ ಕೆಳಗ ಕುಂತು ನಗೋವಂಥಾಂವ ಅದಾನ. ಅಷ್ಟು ಬೇಕಾದ್ರ ಅನ್ನು. ಕಿವುಡ ಅಂತ ಮಾತ್ರ ಅನಬ್ಯಾಡ.

ಹಂಗ ಯಾಕ ನೋಡ್ತಿ?

ಕೂಲರ್ ಹೆಂಗ ನಡೀಲಿಕತ್ತದ, ಅದು ಹೇಳು ಮದಲ! ಹುಲ್ಲು ಹಾಕಿದ ಮ್ಯಾಲ ಬಿಲ್ಕುಲ್ ಸಪ್ಪಳಿಲ್ಲ. ಕೂಸು ಮಲ್ಕೊಂಡಂಗ ಅದ… ಏನಂದಿ? ಪಂಖಾ ಡಬ್ಬಿಗಿ ಬಡೀಲಿಕತ್ತದ? ಅದಕ್ಕೇ ನೀ ಎರಡೂ ರಾತ್ರಿ ಅಂಗಳದಾಗ ಮಲ್ಕೊಂಡಿ? ನಾ ಅಂದ್ಕೊಂಡೆ, ಏಣಿ ಸಿಟ್ಟು ಇಳದಿಲ್ಲ ಅಂತ. ಇಲ್ಲ, ಹಂಗಲ್ಲ… ಜರಾ ಬಡೀತದ, ಗೊತ್ತದ ನಂಗ. ಹೊಸಾ ಹುಲ್ಲು ಕುಂದ್ರೋ ತನ ಜರಾ ಬಡೀತದ.

ಮತ್ತ ನಗ್ತಿ.

ಲಾರಿ ಸುದ್ದಿ ಬಿಡು. ಸೇಡಂ ರೋಡಿನ ಮ್ಯಾಲ ಸಿಮೆಂಟ್ ಲಾರಿ ಅಂದ್ಮ್ಯಾಲ ಹಾರ್ನ್ ಹೊಡದೇ ಹೊಡೀತಾವ. ನಾ ದಾರಿ ಬಿಡಲಿಲ್ಲ. ನಂದು ಟೂ ವೀಲರ್, ನಂದೂ ರೋಡ್ ಟ್ಯಾಕ್ಸ್ ಕಟ್ಟೀನಿ, ಬೇಕಂತೇ ಬಿಡಲಿಲ್ಲ. ನೀ ಹಿಂದಿಂದ ಬೆನ್ನಿಗಿ ಗುದ್ದಿದಿ, ಆವಾಗ ಬಿಟ್ಟೆ. ಹೆಂಡ್ತಿ ಮಾತಿಗಿ ಕಿಮ್ಮತ್ತು ಕೊಡಬೇಕಲ್ಲ. ಡ್ರೈವರ್ ಇಳದು ಬಂದು ಏನೇನೋ ಅಂದ… ಬೈದ? ಅಷ್ಟು ಬೈದನಾ? ನಮ್ಮವ್ವನ ತನ ಹೋದ್ನಾ? ನಾ ಅದಕ್ಕ ಕೈ ಮುಗದು ನಮಸ್ಕಾರ ಅಂದೆ. ದೊಡ್ಡ ಮನಸು ಬೇಕು, ಸುನಿತಾ, ಅದಕ್ಕ.

ಡ್ಯಾಮಿನ ಮ್ಯಾಲ? ಡ್ಯಾಮಿನ ಮ್ಯಾಲ ಏನಾತು? ಏನೂ ಆಗಲಿಲ್ಲ. ನೆರಳಾಗ ಬುತ್ತಿ ಬಿಚ್ಚಿದ್ವಿ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನಾ ನೀರಿನ ಕಡಿ ಮುಖ ಮಾಡಿ ಕುಂತಿದ್ದೆ, ನೀ ಹಿಂದ ಕುಂತಿದ್ದಿ. ಭಾಳ ಹೊತ್ತು ಕುಂತಿದ್ವಿ. ಜೀವಕ್ಕ ಎಷ್ಟು ಹಗುರ ಆಗಿತ್ತು ನಂಗ, ನಿಂಗ ಗೊತ್ತಿಲ್ಲ. ಇಷ್ಟ ವರ್ಷ ಯಾಕ ಬರಲಿಲ್ಲ ಅಂತ ಹಳಹಳಿ ಆತು.

ನೀ ಏನೋ ಕೇಳಿದಿ? ಹಿಂದಿಂದ? ಹ್ಞೂಂ, ಕೇಳಿದಿ. ನಾ ಏನೋ ಅಂದೆ… ಹ್ಞೂಂ ಅಂದೆ. ಒಳ್ಳೇದೇ ಕೇಳಿರ್ತಿ, ಅದಕ್ಕ ಹ್ಞೂಂ ಅಂದಿರ್ತೀನಿ.

ಏನಂತ ಕೇಳಿದಿ ಅಂತ ನಾ ಹೇಳಬೇಕಾ? ಅದೇ… ಹುಡುಗರಿಗಿ ಕರಕೊಂಡು ಬರಬೇಕಿತ್ತು ಅಂತ… ಅಲ್ಲ? ಮುಂದಿನ ವರ್ಷ ಮತ್ತ ಬರಮ್ಮಾ ಅಂತ… ಅಲ್ಲ? ಮತ್ತ?

‘ನಿಂಗ ಕಿವಿ ಕೇಳಿಸಲ್ಲೇನು’ ಅಂತ ಕೇಳಿದಿ? ನಾ ಹ್ಞೂಂ ಅಂದೆ?

ಹ್ಞೂಂ ಅಂದ್ನಾ?… ಗಾಳಿ ಇತ್ತು ಅಲ್ಲಿ. ನೀರಿನ ಮ್ಯಾಲ ಗಾಳಿ ಭಾಳ ಇರ್ತದ.

ಆತು. ಇದು ಬಗಿಹರಿಸಿ ಬಿಡಮು. ಈಗ ಕೇಳು, ಇಲ್ಲೇ, ಗಾಳಿಲ್ಲ, ಲಾರಿಲ್ಲ. ಏನ್ ಬೇಕಾದ್ದು ಕೇಳು. ಒಂದಕ್ಕರ ತಪ್ಪು ಉತ್ತರ ಕೊಟ್ರ ಬೂಟ್ ನೀನೇ ಹಾಕ್ಕೊಂಡು ಹೋಗು ಡ್ಯೂಟಿಗಿ. ಕೇಳು!

…ಊಟದ ಡಬ್ಬಿಯೊಳಗ ಏನದ ಅಂತ? ಚಪಾತಿ, ಬದನಿಕಾಯಿ. ಮುಂದ.

…ನಿಮ್ಮಣ್ಣ ಅಣವೀರ ಎಲ್ಲಿರ್ತಾನ? ಶಹಾಬಾದದಾಗ, ಫರ್ಸಿ ಕಲ್ಲಿನ ಖಣಿಯಾಗ ಮುನೀಮ. ಇದೇನ್ ಕೇಳ್ತಿ, ಕಠಿಣ ಇದ್ದದ್ದು ಕೇಳು ಏನರೆ!

…ದೊಡ್ಡ ಮಗ ಹುಟ್ಟಿದ್ದು ಯಾವ ದಿನ? ಗುರುವಾರ. ಮಳಿ ಬರ್ಲಿಕತ್ತಿತ್ತು. ನೋಡು! ನೋಡ್ದಿ? ಮೂರಕ್ಕ ಮೂರು! ತಡಬಡಿಸಿದ್ನಾ? ಇನ್ನೊಮ್ಮಿ ಅಂದ್ನಾ? ಕಿವುಡ ಅಂತ… ಕೊಡು ಬೂಟ್.

ಯಾಕ? ಗೆದ್ದೀನಿ ನಾ. ಯಾಕ ಕಣ್ಣಾಗ ನೀರು? ನಗ್ತಿದ್ದಿಯಲ್ಲ ಈಗ… ಕೈ ಯಾಕ ಹಿಡದಿ? ಬಿಡು, ಚಾಚಿ ನೋಡ್ಲಿಕತ್ತಾಳ. ಬಿಡಂದ್ರ… ಎಲ್ಲಿ ಇಟ್ಕೋತಿ ಅದ್ಕ? ಗಂಟಲಿಗಿ? ಗಂಟಲು ನೋವಾಗ್ಯಾದೇನು? ನಿನ್ನೆ ಬಿಸಲಿಗಿ…

ಹ್ಞೂಂ, ಕೇಳು. ಮತ್ತ ಕೇಳ್ತಿ? ಕೇಳು.

…ಡಬ್ಬಿಯೊಳಗ ಏನದ ಅಂತ. ಅದೇ ಕೇಳ್ಲಿಕತ್ತಿ. ಚಪಾತಿ, ಬದ…

ಗಂಟಲು ಅಲುಗವಲ್ದು.

ಸುನಿತಾ. ಇನ್ನೊಮ್ಮಿ ಅನ್ನು. …ತುಟಿ ಆಡ್ಲಿಕತ್ತಾವ. ಗಂಟಲು ಅಲುಗವಲ್ದು. ನೀ ದನಿ ತಗದೇ ಇಲ್ಲ. ಮೂರೂ ಸಲ… ದನಿ ತಗದೇ ಇಲ್ಲ ನೀ.

ದೀಪಾವಳಿಗಿ ಎಡಗಿವಿ ಹೋಯ್ತು. ಯುಗಾದಿಗಿ ಬಲದ್ದು. ಆವಾಗಿಂದ ಮಂದಿ ತುಟಿ ನೋಡೇ ಮಾತು ತಿಳ್ಕೋತೀನಿ. ಒಳಗ ಬರೇ ಜೀರುಂಡಿ ಕೂಗಿದಂಗ ಆಗ್ತದ, ಹಗಲೂ ರಾತ್ರಿ. ಯಾರಿಗೂ ಹೇಳಲಿಲ್ಲ. ಹೇಳಿದ್ರ ಹಳಿಯಿಂದ ತಗದು ಆಫೀಸಿನ್ಯಾಗ ಸಾಹೇಬರಿಗಿ ನೀರು ಕೊಡಲಿಕ್ಕ ಕುಂಡ್ರಿಸ್ತಾರ ಅಂತ. ನಾಚಿಕಿ ಬಂತು ನಂಗ. ಅಷ್ಟೇ. ಮತ್ತೇನೂ ಇಲ್ಲ.

ಅದ… ಇನ್ನೊಂದ್ ಅದ. ನೀ ಕೇಳಿದ್ದಿ ಶುಕ್ರವಾರ, ಎಂದೂ ಹಾಕದ ರಜಾ ಈಗ್ಯಾಕ ಹಾಕಿದಿ ಅಂತ. ಬಿಸಿಲು ಅಂದಿದ್ದೆ. ಅವತ್ತ ಮಧ್ಯಾನ ನಾ ಬಗ್ಗಿ ನಟ್ ಬಿಗೀಲಿಕತ್ತಿದ್ದೆ. ನನ್ನ ಜೋಡಿ ದುಡಿಯೋ ಚಂದ್ರಾಮ ಹಿಂದಿಂದ ಓಡಿ ಬಂದು ಅಂಗಿ ಹಿಡದು ಎಳದ. ಇಬ್ಬರೂ ಹಳಿ ಬಾಜುಕಿನ ಖಡಿ ಕಲ್ಲಿನ ಮ್ಯಾಲ ಬಿದ್ವಿ. ಬಿದ್ದು ತಿರುಗಿ ನೋಡ್ತೀನಿ, ಗೂಡ್ಸ್ ಗಾಡಿ ಹೊಂಟದ. ಐವತ್ತೆಂಟು ಡಬ್ಬಿ ಎಣಿಸ್ದೆ ಬಿದ್ದಲ್ಲೇ. ಒಂದರದೂ ಸಪ್ಪಳಿಲ್ಲ, ಸುನಿತಾ. ಅಷ್ಟು ದೊಡ್ಡದು ಒಂದೂ ಸಪ್ಪಳ ಮಾಡದೆ ಹೋಯ್ತು.

ಮನಿಗಿ ಬಂದೆ. ನೀ ಒಲಿ ಮುಂದ ಕುಂತಿದ್ದಿ. ಭಾಳ ಅಂಜಿಕಿ ಬಂತು ನಂಗ. ಎರಡು ದಿನ ಇಕಿ ಜೋಡಿ ಇದ್ದು ಬಿಡಮು ಅನಿಸ್ತು, ಸೋಮವಾರದ್ದು ಸೋಮವಾರ ನೋಡಮು ಅಂತ.

ಫೋನು ಹಚ್ಚು ಚಂದ್ರಾಮಗ. ಅಂಬಾರಾಯ ಇವತ್ತ ಬರಲ್ಲ ಅನ್ನು, ಸಾಹೇಬರಿಗಿ ಖರೇ ಹೇಳ್ತಾನ ಅನ್ನು. ನೀನೇ ಮಾತಾಡು. ಅಂವ ಅನ್ನೋದು ನಂಗ ಕೇಳಿಸಲ್ಲ.

ಮದಲ ನನ್ನ ಜೋಡಿ ಮಾತಾಡು. ಈಗ ಖರೇನೇ ದನಿ ತಗದು ಮಾತಾಡು. ಬೈ ಬೇಕಾದ್ರ. ಕೈ ಇಲ್ಲೇ, ನಿನ್ನ ಗಂಟಲ ಮ್ಯಾಲೇ ಇಟ್ಟಿರ್ತೀನಿ, ತಗಿಯಂಗಿಲ್ಲ.